ಅಂಕಿತವಿಲ್ಲದ ಹಾಡು: ಚಿತ್ರಗೀತೆ ಬರೆದವರ ಹೆಸರು, ಹಕ್ಕು ಮತ್ತು ಗೌರವ ಕುರಿತು ಒಂದು ಟಿಪ್ಪಣಿ

1. ಪ್ರಶ್ನೆ

ಹನ್ನೆರಡನೆಯ ಶತಮಾನದ ವಚನವೊಂದನ್ನು ಯಾರಾದರೂ ಹಾಡಿದರೆ ಅದು ಯಾರದೆಂದು ಮುಗಿಯುವ ಹೊತ್ತಿಗೆ ಕೇಳುಗನಿಗೆ ಗೊತ್ತಾಗುತ್ತದೆ. ಐವತ್ತು ವರ್ಷದ ಹಿಂದಿನ ಚಿತ್ರಗೀತೆ ಯಾರದೆಂದು ಕೇಳಿದರೆ ಮನೆಮಂದಿಯೆಲ್ಲ ಕೂತು ಚರ್ಚೆ ಮಾಡಬೇಕಾಗುತ್ತದೆ. ಹಾಡಿದವರನ್ನು ದನಿಯೇ ತೋರಿಸಿಕೊಡುತ್ತದೆ, ಅಭಿನಯಿಸಿದವರನ್ನು ಪರದೆ ತೋರಿಸುತ್ತದೆ. ಬರೆದವರನ್ನು ತೋರಿಸುವುದಕ್ಕೆ ಹಾಡಿನ ಹೊರಗೆ ಏನಾದರೊಂದು ಬರಹ ಬೇಕು.

ಗೀತರಚನಕಾರರಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬ ಮಾತು ಪ್ರತಿವರ್ಷ ಸ್ಮರಣೆಯ ಸಮಾರಂಭಗಳಲ್ಲಿ ಕೇಳಿಬರುತ್ತದೆ. ಪ್ರಶಸ್ತಿ, ಪುತ್ಥಳಿ, ರಸ್ತೆಗೆ ಹೆಸರು ಎಂಬ ಬೇಡಿಕೆಗಳೂ ಜೊತೆಗೆ ಬರುತ್ತವೆ. ಈ ಟಿಪ್ಪಣಿ ಆ ಬೇಡಿಕೆಗಳ ಪರ ವಿರೋಧಕ್ಕೆ ಹೋಗುವುದಿಲ್ಲ. ಹಾಡಿನ ಜೊತೆ ಅದನ್ನು ಬರೆದವರ ಹೆಸರು ಯಾವ ಯಾವ ಕಾಲದಲ್ಲಿ ಹೇಗೆ ಸಾಗಿಬಂತು, ಎಲ್ಲಿ ಕಳಚಿಕೊಂಡಿತು, ಕಳಚಿಕೊಂಡದ್ದರಿಂದ ಹಣದ ಮಟ್ಟಿಗೆ ಏನಾಯಿತು ಎಂಬುದನ್ನು ಕ್ರಮವಾಗಿ ನೋಡುತ್ತದೆ. ನನ್ನ ವಾದ ಇಷ್ಟು: ಜನಪ್ರಿಯ ಸಂಗೀತದಲ್ಲಿ ಕರ್ತೃವಿಗೆ ಸಲ್ಲುವ ಮೊದಲ ಗೌರವ ಸರಿಯಾದ ದಾಖಲೆ. ಪ್ರಶಸ್ತಿಯೂ ಗೌರವಧನವೂ ಆ ದಾಖಲೆಯನ್ನು ಆಧರಿಸಿ ಬರುವಂಥವು. ದಾಖಲೆ ತಪ್ಪಿದ ಕಡೆ ಎರಡೂ ತಪ್ಪಿವೆ.

2. ಹಾಡಿನೊಳಗೇ ಇದ್ದ ಹೆಸರು

ಕನ್ನಡದ ಹಾಡುಗಬ್ಬದಲ್ಲಿ ಕರ್ತೃವಿನ ಗುರುತು ಬಹುಕಾಲ ಪಠ್ಯದ ಒಳಗೇ ಇತ್ತು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮನಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಪುರಂದರದಾಸರಿಗೆ ಪುರಂದರವಿಠಲ, ಕನಕದಾಸರಿಗೆ ಕಾಗಿನೆಲೆಯಾದಿಕೇಶವ. ಅಂಕಿತ ದೇವರ ಹೆಸರಾದರೂ ಬಳಕೆಯಲ್ಲಿ ಅದು ಬರೆದವರ ಸಹಿ. ಹಾಡು ಬಾಯಿಂದ ಬಾಯಿಗೆ ಹೋಗುವಾಗ ಓಲೆ, ಕಾಗದ, ಲಿಪಿಕಾರ ಯಾವುದರ ಹಂಗೂ ಇಲ್ಲದೆ ಸಹಿ ಜೊತೆಗೇ ಹೋಗುತ್ತಿತ್ತು. ಕಡೆಯ ಸಾಲನ್ನು ಬಿಟ್ಟರೆ ಹಾಡೇ ಪೂರ್ತಿಯಾಗದ ಕಾರಣ ಅದನ್ನು ಬಿಡುವ ಧೈರ್ಯ ಹಾಡುವವರಿಗೂ ಇರಲಿಲ್ಲ.

ಈ ಏರ್ಪಾಟನ್ನು ಆದರ್ಶವೆಂದು ಎತ್ತಿಹಿಡಿಯಬೇಕಾಗಿಲ್ಲ. ವಚನ ಮತ್ತು ಕೀರ್ತನೆಗಳ ಸಂಪಾದನೆ ಮಾಡಿದ ವಿದ್ವಾಂಸರಿಗೆ ಅಂಕಿತದಿಂದ ಆದ ತೊಡಕು ಚೆನ್ನಾಗಿ ಗೊತ್ತು. ಹೆಸರುವಾಸಿಯಾದ ಅಂಕಿತವನ್ನು ಹಚ್ಚಿ ಬೇರೆಯವರು ಕಟ್ಟಿದ ರಚನೆಗಳು ಸೇರಿಕೊಂಡಿವೆ. ಒಂದೇ ರಚನೆ ಎರಡು ಅಂಕಿತಗಳಲ್ಲಿ ಸಿಗುವುದೂ ಉಂಟು. ಆದರೂ ಹಾಡಿಗೆ ಒಬ್ಬ ಒಡೆಯನಿದ್ದಾನೆ ಎಂಬ ಅರಿವನ್ನು ಅಂಕಿತ ಕೇಳುಗನಲ್ಲಿ ಎಂದೂ ಆರಗೊಡಲಿಲ್ಲ.

ಇದರ ಬಲ ಎಷ್ಟೆಂದು ಕ್ಯಾಸೆಟ್ ಕಾಲದಲ್ಲಿ ಮತ್ತೊಮ್ಮೆ ಕಂಡಿತು. ಶಿಶುನಾಳ ಶರೀಫರು (1819–1889) ಕಟ್ಟಿದ ತತ್ತ್ವಪದಗಳು ಸಿ. ಅಶ್ವತ್ಥ್ ಅವರ ದನಿಯಲ್ಲಿ ಊರೂರು ತಲುಪಿದವು. 1990ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರವೂ ಬಂತು. ಕ್ಯಾಸೆಟ್ಟಿನ ಹೊದಿಕೆ ಹರಿದುಹೋದರೂ, ಒಂದು ಕ್ಯಾಸೆಟ್ಟಿನಿಂದ ಇನ್ನೊಂದಕ್ಕೆ ಇಳಿಸಿಕೊಂಡರೂ, ಪದ ಶರೀಫರದೆಂಬುದು ಯಾರಿಗೂ ಮರೆಯಲಿಲ್ಲ. ಶಿಶುನಾಳಾಧೀಶನ ಅಂಕಿತ ಹಾಡಿನಲ್ಲೇ ಇತ್ತು.

ಉರ್ದು ಗಜಲಿನಲ್ಲೂ ಇದೇ ಪದ್ಧತಿ. ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ತಖಲ್ಲುಸ್, ಅಂದರೆ ಕಾವ್ಯನಾಮ, ಇಡುತ್ತಾನೆ. ಹಿಂದಿ ಚಿತ್ರರಂಗಕ್ಕೆ ಬಂದ ಹಲವು ಗೀತರಚನಕಾರರು ಈ ಸಂಪ್ರದಾಯದಲ್ಲೇ ಬೆಳೆದವರು. ಅಬ್ದುಲ್ ಹಯೀ ಎಂಬವರು ಲೋಕಕ್ಕೆ ಸಾಹಿರ್ ಲುಧಿಯಾನ್ವಿ ಎಂದೇ ಪರಿಚಿತರು. ಚಿತ್ರಗೀತೆ ಬರೆಯುವಾಗ ಮಾತ್ರ ಅವರ ಕಾವ್ಯನಾಮಕ್ಕೆ ಹಾಡಿನಲ್ಲಿ ಜಾಗವಿರಲಿಲ್ಲ. ಹಾಡುವುದು ಕತೆಯ ಪಾತ್ರ. ನಾಯಕಿಯ ಬಾಯಲ್ಲಿ ಕವಿಯ ಸಹಿ ಹೊಂದುವುದಿಲ್ಲ. ಕನ್ನಡದಲ್ಲೂ ಗತಿ ಅದೇ. ಲಕ್ಷ್ಮಣರಾವ್ ಮೋಹಿತೆ ‘ಗೀತಪ್ರಿಯ’ರಾದರು, ಗಂಗರಾಜು ‘ಹಂಸಲೇಖ’ರಾದರು. ಇಟ್ಟುಕೊಂಡ ಹೆಸರು ಟೈಟಲ್ ಕಾರ್ಡಿನಲ್ಲಿ ಕಂಡಿತು, ಹಾಡಿನೊಳಗೆ ಬರಲಿಲ್ಲ. ಪಾತ್ರದ ಬಾಯಿಗೆ ಮಾತು ಕೊಡುವುದೇ ಕಸುಬಾದ ಮೇಲೆ ತನ್ನ ಸಹಿಯನ್ನು ಅಲ್ಲಿಂದ ತೆಗೆಯುವುದು ಬರೆಯುವವನಿಗೆ ಅನಿವಾರ್ಯವಾಯಿತು.

3. ಮಟ್ಟಿಗೆ ಬರೆಯುವ ಕಸುಬು

ಪಾತ್ರದ ಬಾಯಿಗೆ ಹಾಡು ಕೊಡುವ ಕೆಲಸವನ್ನು ಸಿನಿಮಾಕ್ಕಿಂತ ಮೊದಲು ಕಂಪನಿ ನಾಟಕಗಳು ರೂಢಿಸಿದ್ದವು. ಅಚ್ಚಾದ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ರಾಗ, ತಾಳ, ಕೆಲವೊಮ್ಮೆ ಮಟ್ಟು ನಮೂದಾಗಿರುತ್ತದೆ. ಮಟ್ಟು ಎಂದ ಕಡೆ ಆಗಲೇ ಜನರ ಕಿವಿಯಲ್ಲಿದ್ದ ಮರಾಠಿ ಅಥವಾ ಹಿಂದುಸ್ತಾನಿ ಹಾಡಿನ ಮೊದಲ ಮಾತು. ಅಂದರೆ ಧಾಟಿ ಎಲ್ಲಿಂದ ಬಂತೆಂಬ ಋಣವನ್ನು ಪುಸ್ತಕ ಒಪ್ಪಿಕೊಳ್ಳುತ್ತಿತ್ತು, ಮಾತು ಯಾರದೆಂಬುದನ್ನು ಮುಖಪುಟ ಹೇಳುತ್ತಿತ್ತು.

1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು ಮತ್ತು ಹಾಡು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು, ರಂಗಭೂಮಿಯಿಂದಲೇ ಬಂದವರು. ಅವರ ಹಿಂದೆ ಬಂದವರಲ್ಲೂ ಬಹುಮಂದಿ ಒಂದೇ ಕೆಲಸ ಮಾಡಿದವರಲ್ಲ. ಹುಣಸೂರು ಕೃಷ್ಣಮೂರ್ತಿ, ಕು. ರಾ. ಸೀತಾರಾಮಶಾಸ್ತ್ರಿ, ಜಿ. ವಿ. ಅಯ್ಯರ್ ಗೀತೆ ಬರೆದರು, ಸಂಭಾಷಣೆ ಬರೆದರು, ಚಿತ್ರ ನಿರ್ದೇಶಿಸಿದರು. ಎಸ್. ಕೆ. ಕರೀಂಖಾನ್ ಜಾನಪದ ಸಂಗ್ರಾಹಕರೂ ಹೌದು. ಆರ್. ನಾಗೇಂದ್ರರಾಯರ ಮಗ ಆರ್. ಎನ್. ಜಯಗೋಪಾಲ್, ಚಿ. ಸದಾಶಿವಯ್ಯನವರ ಮಗ ಚಿ. ಉದಯಶಂಕರ್ (1934–1993) ಇಬ್ಬರೂ ಈ ಕಸುಬನ್ನು ಮನೆಯಲ್ಲೇ ಕಂಡವರು. ಗೀತರಚನೆ ಎಂಬುದು ಬಹುಕಾಲ ಸಂಭಾಷಣೆಯ ಕೆಲಸಕ್ಕೆ ಅಂಟಿಕೊಂಡಿದ್ದರಿಂದ ಅದಕ್ಕೆ ಬೇರೆಯೇ ಸ್ಥಾನಮಾನ ಹುಟ್ಟುವುದು ತಡವಾಯಿತು.

ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಅದರ ಕಷ್ಟ ಅರ್ಥವಾಗುತ್ತದೆ. ಸಂಗೀತ ನಿರ್ದೇಶಕ ಹಾರ್ಮೋನಿಯಂ ಹಿಡಿದು ಪಲ್ಲವಿಯ ಟ್ಯೂನನ್ನು ನ-ನ-ನಾ ಎಂದು ಗುನುಗುತ್ತಾನೆ. ಎಲ್ಲಿ ಸ್ವರ ನಿಲ್ಲುತ್ತದೋ ಅಲ್ಲಿ ದೀರ್ಘಾಕ್ಷರ ಬೇಕು; ಎಲ್ಲಿ ಓಡುತ್ತದೋ ಅಲ್ಲಿ ಲಘುಗಳು. ಕನ್ನಡ ಇಲ್ಲಿ ಒಂದು ಅನುಕೂಲವನ್ನೂ ಎರಡು ತೊಡಕನ್ನೂ ಒಡ್ಡುತ್ತದೆ. ಪದಗಳು ಹೆಚ್ಚಾಗಿ ಸ್ವರಾಂತವಾದ್ದರಿಂದ ಎಳೆದು ಹಾಡಲು ಬರುತ್ತದೆ. ಆದರೆ ಅನ್ನು, ಇಂದ, ಅಲ್ಲಿ ಎಂಬ ಪ್ರತ್ಯಯಗಳು ಸೇರಿದ ಕೂಡಲೇ ಪದ ಉದ್ದವಾಗಿ ಟ್ಯೂನಿನ ಅಳತೆ ಮೀರುತ್ತದೆ. ಕ್ರಿಯಾಪದ ವಾಕ್ಯದ ತುದಿಗೆ ಬರುವುದರಿಂದ ಪ್ರತಿ ಸಾಲೂ ಒಂದೇ ಬಗೆಯ ಪ್ರತ್ಯಯದಲ್ಲಿ ಮುಗಿದು ಅಗ್ಗದ ಪ್ರಾಸ ತಾನಾಗಿ ಒದಗುತ್ತದೆ. ನುರಿತವರು ಕ್ರಿಯಾಪದವನ್ನು ಸಾಲಿನ ನಡುವಿಗೆ ಸರಿಸುತ್ತಾರೆ, ಪ್ರತ್ಯಯವನ್ನು ಸಮಾಸದಲ್ಲಿ ಅಡಗಿಸುತ್ತಾರೆ, ಬನಿಯಿರುವ ಒಂದು ನಾಮಪದವನ್ನು ಸ್ವರ ನಿಲ್ಲುವ ಕಡೆ ತಂದು ಕೂರಿಸುತ್ತಾರೆ. ಮಾತು ಕೂತ ಮೇಲೆ ಟ್ಯೂನೂ ಒಂದೆರಡು ಕಡೆ ಬಾಗುತ್ತದೆ. ಕೇಳುಗನಿಗೆ ಇದೊಂದೂ ಕಾಣುವುದಿಲ್ಲ. ಸಲೀಸಾಗಿ ಬಂದಿದೆ ಎನ್ನಿಸುವುದೇ ಈ ಕಸುಬಿನ ಗೆಲುವು, ಬರೆದವನು ಮರೆಯಾಗುವುದಕ್ಕೆ ಅದೂ ಒಂದು ಕಾರಣ.

4. ತಟ್ಟೆಯ ಲೇಬಲ್, ಹಾಡಿನ ಪುಸ್ತಕ, ರೇಡಿಯೊ

ಅಂಕಿತ ಹೋದ ಮೇಲೆ ಹೆಸರಿಗೆ ಮೂರು ಆಸರೆಗಳು ಉಳಿದವು. ಮೊದಲನೆಯದು ಗ್ರಾಮಫೋನ್ ತಟ್ಟೆಯ ನಡುವಿನ ಲೇಬಲ್. ಅಂಗೈಯಗಲದ ಆ ಕಾಗದದಲ್ಲಿ ಕಂಪನಿಯ ಹೆಸರು, ಮುದ್ರೆ, ತಟ್ಟೆಯ ಸಂಖ್ಯೆ, ಚಿತ್ರದ ಹೆಸರು, ಹಾಡಿನ ಮೊದಲ ಮಾತು, ಹಾಡಿದವರು, ಸಂಗೀತ ಇಷ್ಟೂ ಹಿಡಿಯಬೇಕು. ಜಾಗ ಸಾಲದಾದಾಗ ಬಿಟ್ಟುಹೋಗುವ ಸಾಲು ಯಾವುದೆಂದು ಊಹಿಸಬಹುದು. ಆ ಕಾಲದಲ್ಲಿ ಹಾಡಿದವರ ಹೆಸರಿಗೂ ಖಾತರಿ ಇರಲಿಲ್ಲ. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆ ಮೊದಲು ಬಂದಾಗ ಗಾಯಕಿಯ ಜಾಗದಲ್ಲಿ ಇದ್ದದ್ದು ಕಾಮಿನಿ ಎಂಬ ಪಾತ್ರದ ಹೆಸರು, ಲತಾ ಮಂಗೇಶ್ಕರ್ ಅವರದಲ್ಲ. ಗಾಯಕರು ಆ ಸ್ಥಿತಿಯಿಂದ ಬೇಗ ಹೊರಬಂದರು. ದನಿ ತಟ್ಟೆಯಲ್ಲೇ ಇತ್ತು, ಜನ ಅದನ್ನು ಗುರುತಿಸಿ ಹೆಸರು ಕೇಳಿದರು. ಅಂಥ ಬೇಡಿಕೆಯನ್ನು ಹುಟ್ಟಿಸುವ ಗುರುತು ಬರೆದವರಿಗೆ ಇರಲಿಲ್ಲ.

ಎರಡನೆಯದು ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ತೆಳು ಕಾಗದದ ಕೆಲವೇ ಪುಟ, ಕತೆಯ ಸಾರಾಂಶವನ್ನು ‘ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ’ ಎಂಬ ಧಾಟಿಯಲ್ಲಿ ಅರ್ಧಕ್ಕೆ ನಿಲ್ಲಿಸಿ, ಬಳಿಕ ಹಾಡುಗಳು. ಬರೆದದ್ದು ಬರಹವಾಗಿಯೇ ಜನರ ಕೈಗೆ ಹೋದದ್ದು ಈ ಒಂದು ರೂಪದಲ್ಲಿ. ಚಿತ್ರ ಬಿಡುಗಡೆಯಾದ ಹೊತ್ತಿಗೇ ಅಚ್ಚಾಗುತ್ತಿದ್ದುದರಿಂದ ಕರ್ತೃತ್ವದ ಸಾಕ್ಷ್ಯವಾಗಿ ಇದರ ಬೆಲೆ ದೊಡ್ಡದು. ಪುಸ್ತಕವೆಂದು ಯಾರೂ ಎಣಿಸದ ಕಾರಣ ಗ್ರಂಥಾಲಯಗಳು ಇದನ್ನು ಕೂಡಿಡುವ ಗೋಜಿಗೆ ಹೋಗಲಿಲ್ಲ.

ಮೂರನೆಯದು ರೇಡಿಯೊ. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿ ಆರಂಭಿಸಿದ ಆಕಾಶವಾಣಿ 1955ರಲ್ಲಿ ಬೆಂಗಳೂರಿಗೆ ಬಂತು; ವಿವಿಧ ಭಾರತಿ 1957ರ ಅಕ್ಟೋಬರ್ 3ರಂದು ಶುರುವಾಯಿತು. ಹಾಡಿಗೆ ಮುಂಚೆ ಗಾಯಕರ ಮತ್ತು ಸಂಗೀತ ನಿರ್ದೇಶಕರ ಹೆಸರಿನ ಜೊತೆಗೆ ಗೀತರಚನಕಾರರ ಹೆಸರನ್ನೂ ಹೇಳಬೇಕೆಂದು ಸಾಹಿರ್ ಲುಧಿಯಾನ್ವಿ ಪಟ್ಟು ಹಿಡಿದರು, ಪದ್ಧತಿ ಬದಲಾದದ್ದು ಅದರಿಂದ ಎಂಬುದು ಹಿಂದಿ ಚಿತ್ರಗೀತೆಯ ಚರಿತ್ರೆಯಲ್ಲಿ ನೆಲೆನಿಂತ ಮಾತು. ಕನ್ನಡದ ಕೋರಿಕೆ ಕಾರ್ಯಕ್ರಮಗಳಲ್ಲೂ ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂಬ ಕ್ರಮ ಕಿವಿಗೆ ಒಗ್ಗಿಹೋಯಿತು. ಹಳ್ಳಿಯ ಕೇಳುಗರಿಗೆ ವಿಜಯನಾರಸಿಂಹ, ಜಯಗೋಪಾಲ್, ಉದಯಶಂಕರ್ ಎಂಬ ಹೆಸರುಗಳು ಬಾಯಿಪಾಠವಾದದ್ದು ಉದ್ಘೋಷಕರ ಈ ಒಂದು ಸಾಲಿನಿಂದ. ಖಾಸಗಿ ಎಫ್‌ಎಂ ಕೇಂದ್ರಗಳಲ್ಲಿ ಹಾಡಿಗೆ ಹಾಡು ತಾಗಿಸಿ ಹಾಕುವ ಪದ್ಧತಿ ಬಂದಾಗ ಬಿದ್ದುಹೋದದ್ದೂ ಅದೇ ಸಾಲು.

ಇದರ ಪಕ್ಕದಲ್ಲೇ ಬೆಳೆದ ಸುಗಮ ಸಂಗೀತವನ್ನು ಇಟ್ಟು ನೋಡಬೇಕು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಹಾಡಿದ ಭಾವಗೀತೆಗಳಲ್ಲಿ ಕವಿಯ ಹೆಸರು ಹೇಳದೆ ಹಾಡು ಎತ್ತಿಕೊಳ್ಳುವುದು ಸಲ್ಲದ ನಡತೆ. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ 1978ರಲ್ಲಿ ಬಂದಾಗ ಕವಿಯ ಹೆಸರೇ ಅದರ ಆಕರ್ಷಣೆಯಾಗಿತ್ತು. ಕೇಳುಗರು ಅವರೇ, ಕಾಲವೂ ಒಂದೇ. ಭಾವಗೀತೆ ಪುಸ್ತಕದಿಂದ ಹಾಡಿಗೆ ಬಂದಿತ್ತು, ಅದರ ಕರ್ತೃ ಆಗಲೇ ಸ್ಥಾಪಿತನಾಗಿದ್ದ. ಚಿತ್ರಗೀತೆಗೆ ಹಿಂದೆ ಪುಸ್ತಕವಿರಲಿಲ್ಲ. ಹೀಗಾಗಿ ಗೌರವದ ಅಂತರ ಕಾವ್ಯದ ಗುಣಮಟ್ಟಕ್ಕಿಂತ ಹೆಚ್ಚಾಗಿ ದಾಖಲೆಯ ದಾರಿಯಿಂದ ಹುಟ್ಟಿದ್ದು ಎನ್ನಬೇಕಾಗುತ್ತದೆ.

5. ಕಾನೂನು ಬರೆದವನನ್ನು ಕಂಡ ಬಗೆ

1957ರ ಕೃತಿಸ್ವಾಮ್ಯ ಕಾಯ್ದೆ ಒಂದು ಚಿತ್ರಗೀತೆಯಲ್ಲಿ ಹಲವು ಕೃತಿಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಮಾತು ಸಾಹಿತ್ಯ ಕೃತಿ, ಅದರ ಕರ್ತೃ ಬರೆದವರು. ಧಾಟಿ ಸಂಗೀತ ಕೃತಿ, ಅದರ ಕರ್ತೃ ಸಂಯೋಜಕರು. ಧ್ವನಿಮುದ್ರಣ ಬೇರೆ, ಅದರ ಕರ್ತೃ ನಿರ್ಮಾಪಕರು. 57ನೆಯ ಕಲಂ ಇನ್ನೂ ಮುಂದೆ ಹೋಗಿ, ಹಕ್ಕನ್ನು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೆ ಉಳಿಸಿದೆ. ಕಾಗದದ ಮೇಲೆ ಇದು ತುಂಬು ಗೌರವವೇ.

ಅದೇ ಕಾಯ್ದೆಗೆ 1984ರ ತಿದ್ದುಪಡಿಯಲ್ಲಿ ಸೇರಿದ 52ಎ ಕಲಮನ್ನು ಇದರ ಪಕ್ಕದಲ್ಲಿ ಓದಬೇಕು. ನಕಲಿ ಕ್ಯಾಸೆಟ್‌ಗಳ ಹಾವಳಿ ತಡೆಯಲು ತಂದ ಈ ಕಲಂ ಪ್ರಕಾರ ಧ್ವನಿಮುದ್ರಣದ ಮೇಲೂ ಅದರ ಹೊದಿಕೆಯ ಮೇಲೂ ಮೂರು ವಿವರ ಇರಲೇಬೇಕು: ಮುದ್ರಣ ತಯಾರಿಸಿದವರ ಹೆಸರು ಮತ್ತು ವಿಳಾಸ, ಕೃತಿಸ್ವಾಮ್ಯದ ಮಾಲೀಕರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ. ಹಾಡು ಬರೆದವರ ಹೆಸರು ಈ ಪಟ್ಟಿಯಲ್ಲಿಲ್ಲ. ಮಾಲೀಕನ ಹೆಸರು ಅಚ್ಚುಹಾಕದಿದ್ದರೆ ಅಪರಾಧ. ಕರ್ತೃವಿನ ಹೆಸರು ಬಿಟ್ಟರೆ ಕರ್ತೃವೇ 57ನೆಯ ಕಲಂ ಹಿಡಿದು ನ್ಯಾಯಾಲಯಕ್ಕೆ ಹೋಗಬೇಕು. ಹೆಸರಿನ ಹಕ್ಕನ್ನು ಕಾನೂನು ಕೊಟ್ಟಿತು, ಹೆಸರು ನಮೂದಿಸುವ ಹೊಣೆಯನ್ನು ಯಾರ ಮೇಲೂ ಹೊರಿಸಲಿಲ್ಲ. ಗೀತರಚನಕಾರರ ಸ್ಥಿತಿಯನ್ನು ಅಳೆಯಲು ಈ ಎರಡು ಕಲಂಗಳ ನಡುವಿನ ಅಂತರ ಸಾಕು ಎಂದು ನನ್ನ ಅಭಿಪ್ರಾಯ.

ಹಣದ ಕತೆ ಬೇರೆ ದಾರಿಯಲ್ಲಿ ಬಂದು ಇದೇ ಜಾಗವನ್ನು ಮುಟ್ಟುತ್ತದೆ. ಲಂಡನ್ನಿನಲ್ಲಿ 1914ರಲ್ಲಿ ಸ್ಥಾಪನೆಯಾದ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಮಾದರಿಯಲ್ಲಿ 1969ರಲ್ಲಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಹುಟ್ಟಿತು. ಸಾರ್ವಜನಿಕವಾಗಿ ಹಾಡು ಬಳಸುವವರಿಂದ ಶುಲ್ಕ ವಸೂಲಿ ಮಾಡಿ ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ಹಂಚುವುದು ಅದರ ಉದ್ದೇಶ. ಅದು ಪ್ರಕಟಿಸಿದ ದರಪಟ್ಟಿಗೆ ಚಿತ್ರ ನಿರ್ಮಾಪಕರೂ ಪ್ರದರ್ಶಕರೂ ಆಕ್ಷೇಪ ಎತ್ತಿದರು. ಕಾಪಿರೈಟ್ ಬೋರ್ಡ್ ಸೊಸೈಟಿಯ ಪರ ತೀರ್ಪು ಕೊಟ್ಟಿತು, ಕಲ್ಕತ್ತಾ ಹೈಕೋರ್ಟ್ ಅದನ್ನು ತಳ್ಳಿಹಾಕಿತು, 1977ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ನಿಲುವನ್ನೇ ಎತ್ತಿಹಿಡಿಯಿತು. ಹಣ ಕೊಟ್ಟು ಚಿತ್ರಕ್ಕಾಗಿ ಹಾಡು ಬರೆಸಿದರೆ, ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ನಿರ್ಮಾಪಕರೇ ಮೊದಲ ಮಾಲೀಕರು ಎಂಬುದು 17ನೆಯ ಕಲಮಿನ ಅರ್ಥ ಎಂದು ನ್ಯಾಯಾಲಯ ಹೇಳಿತು.

ಆ ತೀರ್ಪಿಗೆ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಪ್ರತ್ಯೇಕವಾಗಿ ಸೇರಿಸಿದ ಟಿಪ್ಪಣಿ ಕುತೂಹಲಕರ. ಅವರಿಗೆ ಕೊರತೆಯೆಂದು ಕಂಡದ್ದು ಕಾಯ್ದೆ ಸಂಯೋಜಕನನ್ನು ಮಾತ್ರ ಕರ್ತೃವೆಂದು ಕಂಡು ಹಾಡುವವನನ್ನು ಕೈಬಿಟ್ಟಿದೆ ಎಂಬುದು. ಭಾರತೀಯ ಸಂಗೀತದಲ್ಲಿ ಕೇಳುಗರನ್ನು ಸೆಳೆಯುವವನು ಗಾಯಕ ಎಂಬುದು ಅವರ ಆಧಾರ. ಪ್ರದರ್ಶಕರ ಹಕ್ಕು ಮುಂದೆ 1994ರ ತಿದ್ದುಪಡಿಯಲ್ಲಿ ಸೇರಿತು. ಗಾಯಕರ ಪರವಾಗಿ ಅವರು ಆಡಿದ ಮಾತು ನ್ಯಾಯವಾದದ್ದೇ. ಆದರೆ ಬರೆದವರು ಸೋತ ಪ್ರಕರಣದಲ್ಲೂ ನ್ಯಾಯಪೀಠದ ಕಣ್ಣು ಹಾಡುವವರ ಕಡೆ ಹೋಯಿತೆಂಬುದು ಕೇಳುಗರ ಸಾಮಾನ್ಯ ಒಲವಿನ ಬಗ್ಗೆ ಏನನ್ನೋ ಹೇಳುತ್ತದೆ.

ಮೂವತ್ತೈದು ವರ್ಷ ಹೀಗೇ ನಡೆಯಿತು. ಹಾಡಿಗೆ ಇಷ್ಟು ಎಂದು ಒಮ್ಮೆ ಕೊಟ್ಟರೆ ಲೆಕ್ಕ ಮುಗಿಯಿತು. ಮುಂದೆ ಅದು ಕ್ಯಾಸೆಟ್ಟಾಗಲಿ, ರಿಂಗ್‌ಟೋನ್ ಆಗಲಿ, ಬರೆದವರಿಗೆ ಬಾಧ್ಯತೆಯಿಲ್ಲ. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ಜಾವೇದ್ ಅಖ್ತರ್ ಈ ವಿಷಯವನ್ನು ಸಂಸತ್ತಿನಲ್ಲಿ ಹಿಡಿದು ನಿಂತರು. 2012ರ ಮೇ ತಿಂಗಳಲ್ಲಿ ಎರಡೂ ಸದನ ಒಪ್ಪಿದ ತಿದ್ದುಪಡಿ ಜೂನ್ 21ರಿಂದ ಜಾರಿಗೆ ಬಂತು. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಹಾಡಿನ ಬೇರೆ ಯಾವ ಬಳಕೆಗೂ ಬರುವ ಗೌರವಧನದಲ್ಲಿ ಬರೆದವರಿಗೆ ಸಮಪಾಲು. ಆ ಪಾಲನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಹೊರತು ಬೇರೆ ಯಾರಿಗೂ ಬರೆದುಕೊಡುವಂತಿಲ್ಲ. ಬರೆದುಕೊಟ್ಟರೂ ಸಿಂಧುವಲ್ಲ. ಹೊಸಬನೊಬ್ಬ ಅವಕಾಶದ ಆಸೆಗೆ ಎಲ್ಲವನ್ನೂ ಬರೆದುಕೊಡುವ ಸಾಧ್ಯತೆಯನ್ನೇ ಕಾನೂನು ಮುಚ್ಚಿತೆಂಬುದು ಇದರ ಸತ್ತ್ವ. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಹೊಸ ಕಾನೂನಿನಡಿ 2017ರಲ್ಲಿ ಮತ್ತೆ ನೋಂದಣಿ ಪಡೆಯಿತು. ಧ್ವನಿಮುದ್ರಣಕ್ಕೆ ಶುಲ್ಕ ಕೊಟ್ಟರೂ ಅದರೊಳಗಿನ ಸಾಹಿತ್ಯ ಮತ್ತು ಸಂಗೀತಕ್ಕೆ ಎಫ್‌ಎಂ ಕೇಂದ್ರಗಳು ಬೇರೆಯಾಗಿ ಗೌರವಧನ ಕೊಡಬೇಕೆಂದು ಬಾಂಬೆ ಹೈಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು.

6. ಪ್ರಶಸ್ತಿಗಳ ಸರದಿ

ಪ್ರಶಸ್ತಿಗಳನ್ನು ಕಾಲಾನುಕ್ರಮದಲ್ಲಿ ಇಟ್ಟರೆ ಬರೆದವರ ಸರದಿ ಎಲ್ಲಿ ಬಂತೆಂದು ತಿಳಿಯುತ್ತದೆ. ಫಿಲ್ಮ್‌ಫೇರ್ 1954ರಲ್ಲಿ ಆರಂಭವಾದಾಗಲೇ ಸಂಗೀತ ನಿರ್ದೇಶನಕ್ಕೆ ಪ್ರಶಸ್ತಿಯಿತ್ತು. ಗೀತರಚನೆಯ ಪ್ರಶಸ್ತಿ 1959ರಲ್ಲಿ ‘ಯಹೂದಿ’ ಚಿತ್ರದ ಗೀತೆಗಾಗಿ ಶೈಲೇಂದ್ರ ಅವರಿಗೆ ಮೊದಲ ಬಾರಿ ಸಂದಿತು. ರಾಷ್ಟ್ರಪ್ರಶಸ್ತಿಗಳಲ್ಲಿ ಗೀತರಚನೆ ಸೇರಿದ್ದು 1968ನೇ ಸಾಲಿಗೆ, ಪಡೆದವರು ತಮಿಳಿನ ಕಣ್ಣದಾಸನ್. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಗೀತರಚನೆಯನ್ನೇ ಕಸುಬಾಗಿಸಿಕೊಂಡವರಿಗೆ ಮೊದಲು ಸಂದದ್ದು 1993ರಲ್ಲಿ, ಮಜ್ರೂಹ್ ಸುಲ್ತಾನ್‌ಪುರಿ ಅವರಿಗೆ. ಅದಾಗಲೇ 1972ರಲ್ಲಿ ಪಂಕಜ್ ಮಲ್ಲಿಕ್, 1981ರಲ್ಲಿ ನೌಷಾದ್, 1989ರಲ್ಲಿ ಲತಾ ಮಂಗೇಶ್ಕರ್ ಅದನ್ನು ಪಡೆದಿದ್ದರು.

ಕನ್ನಡಕ್ಕೆ ಸಂಬಂಧಿಸಿದ ಒಂದು ಪ್ರಕರಣ ವಿಶೇಷ ಗಮನಕ್ಕೆ ಅರ್ಹ. 1991ನೇ ಸಾಲಿನ ಅತ್ಯುತ್ತಮ ಗೀತರಚನೆಯ ರಾಷ್ಟ್ರಪ್ರಶಸ್ತಿ ‘ಮೈಸೂರು ಮಲ್ಲಿಗೆ’ ಚಿತ್ರಕ್ಕಾಗಿ ಕೆ. ಎಸ್. ನರಸಿಂಹಸ್ವಾಮಿ ಅವರಿಗೆ ಬಂತು. ಅದೇ ಹೆಸರಿನ ಕವನ ಸಂಕಲನ ಅಚ್ಚಾದದ್ದು 1942ರಲ್ಲಿ. ಕವಿ ಆ ಹಾಡುಗಳನ್ನು ಸಿನಿಮಾಕ್ಕಾಗಿ ಬರೆದವರಲ್ಲ. ಟ್ಯೂನಿಗೆ ಮಾತು ಹೊಂದಿಸಿದವರಲ್ಲ. ಆಯ್ಕೆಯನ್ನು ಯಾರೂ ಆಕ್ಷೇಪಿಸಬೇಕಾಗಿಲ್ಲ, ಕವಿತೆಗಳ ಯೋಗ್ಯತೆ ಪ್ರಶ್ನಾತೀತ. ಆದರೂ ಕಸುಬಿನ ಗೀತರಚನಕಾರರ ದೃಷ್ಟಿಯಿಂದ ನೋಡಿದರೆ ಇಲ್ಲಿ ಗೌರವ ಸಂದದ್ದು ಪುಸ್ತಕಕ್ಕೆ. ಪುಸ್ತಕದ ದಾಖಲೆ ಐವತ್ತು ವರ್ಷ ಅಳಿಯದೆ ನಿಂತಿತ್ತು, ಅದನ್ನು ಯಾರೂ ಹುಡುಕಬೇಕಾಗಿರಲಿಲ್ಲ. 2005ನೇ ಸಾಲಿನಲ್ಲಿ ‘ತಾಯಿ’ ಚಿತ್ರಕ್ಕಾಗಿ ಬರಗೂರು ರಾಮಚಂದ್ರಪ್ಪ ಅವರಿಗೆ ಇದೇ ಪ್ರಶಸ್ತಿ ಸಂದಿತು. ಅವರೂ ಪುಸ್ತಕಲೋಕದಲ್ಲಿ ಹೆಸರಾದವರು. ಹುಣಸೂರು, ಕು.ರಾ.ಸೀ., ವಿಜಯನಾರಸಿಂಹ, ಜಯಗೋಪಾಲ್, ಉದಯಶಂಕರ್ ಅವರ ಹಾಡುಗಳು ಕನ್ನಡಿಗರ ನಾಲಗೆಯ ಮೇಲೆ ಇರುವಷ್ಟು ಗಟ್ಟಿಯಾಗಿ ಗ್ರಂಥಾಲಯದ ಕಪಾಟಿನಲ್ಲಿ ಇಲ್ಲ.

ಧಾಟಿಯ ವಿಷಯದಲ್ಲಿ ಕರ್ನಾಟಕ ಒಂದು ಅಪರೂಪದ ನಿದರ್ಶನ ಕೊಟ್ಟಿದೆ. ಕುವೆಂಪು ಅವರ ರಚನೆ 2004ರಲ್ಲಿ ನಾಡಗೀತೆಯಾದಾಗ ಕವಿಯ ಹೆಸರಿನ ಬಗ್ಗೆ ಪ್ರಶ್ನೆಯಿರಲಿಲ್ಲ, ಯಾರ ಧಾಟಿ ಎಂಬುದು ಇತ್ಯರ್ಥವಾಗಿರಲಿಲ್ಲ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶ ಹೊರಡಿಸಿತು. ಆದೇಶದ ಸರಿ ತಪ್ಪು ನ್ಯಾಯಾಲಯದವರೆಗೂ ಹೋಯಿತು. ಅದೇನೇ ಇದ್ದರೂ, ಸಂಯೋಜಕರೊಬ್ಬರ ಹೆಸರು ಹಾಡಿನ ಅಧಿಕೃತ ವಿವರದ ಭಾಗವಾಗಿ ಸರ್ಕಾರಿ ಕಡತ ಸೇರಿತು.

7. ಕರ್ತೃತ್ವ ನಿರ್ಣಯದ ಕೆಲಸ

ಹಳೆಯ ಚಿತ್ರಗೀತೆಯೊಂದು ಯಾರದೆಂದು ನಿರ್ಣಯಿಸಲು ಸಿಗುವ ಆಕರಗಳಿಗೆಲ್ಲ ಒಂದೇ ತೂಕವಿಲ್ಲ. ಟೈಟಲ್ ಕಾರ್ಡ್ ಅಧಿಕೃತ, ಆದರೆ ಒಟ್ಟು ಹೆಸರುಗಳನ್ನು ಕೊಡುತ್ತದೆ. ಯಾವ ಹಾಡು ಯಾರದೆಂದು ಹೇಳುವುದಿಲ್ಲ. ಇದು ಹಳೆಯ ಚಿತ್ರಗಳಿಗೆ ಸೀಮಿತವಾದ ತೊಡಕಲ್ಲ. 2006ರ ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿ, ಯೋಗರಾಜ ಭಟ್, ಕವಿರಾಜ್, ಹೃದಯಶಿವ ಎಲ್ಲರ ಗೀತೆಗಳಿವೆ, ಹಾಡಿಗೊಂದು ಸಾಲಿನ ವಿವರ ಇಲ್ಲದಿದ್ದರೆ ಹೆಚ್ಚು ಪ್ರಸಿದ್ಧರಾದವರ ಖಾತೆಗೆ ಎಲ್ಲವೂ ಜಮೆಯಾಗುತ್ತದೆ. ದಾಸಸಾಹಿತ್ಯದಲ್ಲಿ ಒಡೆಯನಿಲ್ಲದ ಪದಗಳು ಪುರಂದರರ ಹೆಸರಿಗೆ ಬಂದು ಸೇರಿದಂತೆ, ರಾಜ್‌ಕುಮಾರ್ ಚಿತ್ರಗಳ ಯಾರದೆಂದು ಗೊತ್ತಿಲ್ಲದ ಹಾಡುಗಳನ್ನು ಉದಯಶಂಕರ್ ಅವರದೆಂದು ಹೇಳಿಬಿಡುವ ರೂಢಿ ಕೇಳುಗರಲ್ಲಿದೆ. ಸ್ಮರಣೆಯ ಲೇಖನ ಬರೆಯುವವರು ಇದನ್ನೇ ಆಕರವಾಗಿ ಎತ್ತಿಕೊಳ್ಳಬಾರದು.

ಹಾಡುವಾರು ವಿವರ ಇದ್ದರೆ ಹಾಡಿನ ಪುಸ್ತಕಕ್ಕೆ ಮೊದಲ ಸ್ಥಾನ. ಅದರ ನಂತರ ಚಿತ್ರದ ಕಾಲದಲ್ಲೇ ಬಂದ ತಟ್ಟೆಯ ಲೇಬಲ್. ಈ ಎರಡನ್ನೂ ಟೈಟಲ್ ಕಾರ್ಡಿನ ಪಟ್ಟಿಯೊಂದಿಗೆ ತಾಳೆ ನೋಡಬೇಕು. ಎಷ್ಟೋ ವರ್ಷದ ನಂತರ ಬಂದ ‘ಸುಮಧುರ ಗೀತೆಗಳು’ ಬಗೆಯ ಕ್ಯಾಸೆಟ್ ಮತ್ತು ಸಿ.ಡಿ.ಗಳ ವಿವರ ಆಧಾರವಲ್ಲ, ಸುಳಿವು ಮಾತ್ರ. ಕವಿತೆಗಳು ಚಿತ್ರಕ್ಕೆ ಬಂದ ಕಡೆ ಕವಿಯ ಸಂಕಲನವೇ ಅಂತಿಮ ಪ್ರಮಾಣ: 1963ರ ‘ಕುಲವಧು’ವಿನಲ್ಲಿ ಬೇಂದ್ರೆಯವರ ಯುಗಾದಿಯ ಕವಿತೆ, 1965ರ ‘ಮಿಸ್ ಲೀಲಾವತಿ’ಯಲ್ಲಿ ಕುವೆಂಪು ಅವರ ದೋಣಿಯ ಹಾಡು ಇಂಥವು.

ಈ ನಿರ್ಣಯ ಬರಿಯ ಪಾಂಡಿತ್ಯದ ಚಪಲಕ್ಕೆ ಬೇಕಾದದ್ದಲ್ಲ. ‘ಕುಲವಧು’ವಿನ ಅದೇ ಹಾಡನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಧ್ವನಿಮುದ್ರಣದ ಕೃತಿಸ್ವಾಮ್ಯ ಪ್ರಕಟವಾದ ವರ್ಷದ ಮುಂದಿನಿಂದ 60 ವರ್ಷ. ತಟ್ಟೆ ಚಿತ್ರದ ವರ್ಷವೇ ಬಂದಿದ್ದರೆ ಅದು 2023ರ ಕೊನೆಗೆ ಮುಗಿಯಿತು. ಸಾಹಿತ್ಯದ ಅವಧಿಯನ್ನು ಎಣಿಸುವುದು ಕರ್ತೃವಿನ ಮರಣದಿಂದ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಲ್ಲಿಗೆ ಕವಿತೆಯ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಚಿ. ಉದಯಶಂಕರ್ ಅವರು ಬರೆದದ್ದಕ್ಕೆ ಇದೇ ಲೆಕ್ಕದಲ್ಲಿ 2053ರ ಕೊನೆಯವರೆಗೆ ಅವಧಿಯಿದೆ. ಹಾಡು ಯಾರದೆಂದು ತಪ್ಪಾಗಿ ಬರೆದರೆ ಅವಧಿಯೂ ತಪ್ಪುತ್ತದೆ.

ಡಿಜಿಟಲ್ ವೇದಿಕೆಗಳಲ್ಲಿ ಇದೇ ಸಮಸ್ಯೆ ಸಂಖ್ಯೆಗಳ ರೂಪದಲ್ಲಿದೆ. ಪ್ರತಿ ಧ್ವನಿಮುದ್ರಣಕ್ಕೆ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತು. ಅದರೊಳಗಿನ ಕೃತಿಗೆ, ಅಂದರೆ ಮಾತು ಮತ್ತು ಧಾಟಿಗೆ, ಐಎಸ್‌ಡಬ್ಲ್ಯುಸಿ ಎಂಬ ಬೇರೆಯೇ ಗುರುತು. ಟಿ ಅಕ್ಷರದಿಂದ ಶುರುವಾಗುವ ಅದಕ್ಕೆ ಬರೆದವರ ಮತ್ತು ಸಂಯೋಜಿಸಿದವರ ಹೆಸರು ಅಂಟಿಕೊಂಡಿರುತ್ತದೆ. ಒಂದು ಹಾಡನ್ನು ಹತ್ತು ಜನ ಹಾಡಿದರೆ ಮೊದಲ ಬಗೆಯವು ಹತ್ತು, ಎರಡನೆಯದು ಒಂದೇ. ಹಾಡು ವೇದಿಕೆಗೆ ಏರುವಾಗ ಮೊದಲ ಸಂಖ್ಯೆ ಇದ್ದೇ ಇರುತ್ತದೆ. ಎರಡನೆಯದು ಜೋಡಣೆಯಾಗದಿದ್ದರೆ ಯಾವ ಮುದ್ರಣ ಎಷ್ಟು ಸಲ ಕೇಳಿಸಿತೆಂಬ ಲೆಕ್ಕ ಸಿಗುತ್ತದೆ, ಆ ಹಣದಲ್ಲಿ ಯಾರ ಪಾಲು ಎಷ್ಟೆಂಬುದು ಸಿಗುವುದಿಲ್ಲ. 2012ರ ತಿದ್ದುಪಡಿ ಕೊಟ್ಟ ಸಮಪಾಲು ಕೈಗೆ ಬರಬೇಕಾದರೆ ಈ ಜೋಡಣೆ ಆಗಿರಬೇಕು.

8. ತೀರ್ಮಾನ

ಮೇಲಿನ ಪರಿಶೀಲನೆಯಿಂದ ಮೂರು ಮಾತು ಹೇಳಬಹುದು. ಒಂದು, ಕನ್ನಡದಲ್ಲಿ ಹಾಡು ಬರೆದವರನ್ನು ಮರೆಯುವ ಸ್ವಭಾವ ಮೊದಲಿನಿಂದ ಇದ್ದದ್ದಲ್ಲ. ಅಂಕಿತದ ಪರಂಪರೆಯೂ ಸುಗಮ ಸಂಗೀತದ ನಡತೆಯೂ ಅದಕ್ಕೆ ವಿರುದ್ಧ ಸಾಕ್ಷಿ. ಮರೆವು ಬಂದದ್ದು ಹಾಡನ್ನು ಪಾತ್ರದ ಬಾಯಿಗೆ ಕೊಟ್ಟು, ಹೆಸರನ್ನು ಬೇರೆ ಕಾಗದಕ್ಕೆ ವರ್ಗಾಯಿಸಿದ ಉದ್ಯಮದ ಏರ್ಪಾಟಿನಿಂದ. ಎರಡು, 2012ರ ನಂತರ ಹಣದ ಹಕ್ಕು ಗಟ್ಟಿಯಾಗಿದೆ, ಹೆಸರಿನ ಹಕ್ಕು ಇನ್ನೂ ಕರ್ತೃವೇ ಕೇಳಿ ಪಡೆಯುವ ಸ್ಥಿತಿಯಲ್ಲಿದೆ. 52ಎ ಕಲಮಿನ ವಿವರಗಳ ಪಟ್ಟಿಗೆ ಗೀತರಚನಕಾರರ ಮತ್ತು ಸಂಯೋಜಕರ ಹೆಸರು ಸೇರಿದರೆ ಈ ಕೊರತೆ ನೀಗುತ್ತದೆ. ಅದಕ್ಕೆ ಹೊಸ ತತ್ತ್ವವೇನೂ ಬೇಕಿಲ್ಲ. ಮೂರು, 1934ರಿಂದ ಈಚಿನ ಕನ್ನಡ ಚಿತ್ರಗೀತೆಗಳ ಹಾಡುವಾರು ಸೂಚಿಯೊಂದು ಸಿದ್ಧವಾಗಬೇಕು. ಪ್ರತಿ ನಮೂದಿನಲ್ಲಿ ಹಾಡಿನ ಮೊದಲ ಮಾತು, ಚಿತ್ರ, ವರ್ಷ, ಬರೆದವರು, ಸಂಯೋಜಕರು, ಹಾಡಿದವರು, ತಟ್ಟೆಯ ಸಂಖ್ಯೆ, ಯಾವ ಆಕರದಿಂದ ಈ ವಿವರ ಬಂತು ಎಂಬುದು ಇರಬೇಕು. ಆಕರಗಳು ಒಪ್ಪದ ಕಡೆ ಎರಡೂ ಹೆಸರನ್ನು ಕೊಟ್ಟು ಅನಿರ್ಣೀತ ಎಂದು ಗುರುತು ಹಾಕಬೇಕು. ವಚನಗಳ ಪಾಠಪರಿಷ್ಕರಣೆಯಲ್ಲಿ ಕನ್ನಡ ವಿದ್ವತ್ತು ಈ ಶಿಸ್ತನ್ನು ಆಗಲೇ ರೂಢಿಸಿಕೊಂಡಿದೆ.

ಹಾಡಿನ ಪುಸ್ತಕಗಳೂ ಎಪ್ಪತ್ತೆಂಟು ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳೂ ಬಹುಪಾಲು ಖಾಸಗಿ ಸಂಗ್ರಾಹಕರ ಮನೆಗಳಲ್ಲಿವೆ, ತೆಳು ಕಾಗದ ಪುಡಿಯಾಗುತ್ತಿದೆ. ಆದ್ದರಿಂದ ಸೂಚಿಯ ಕೆಲಸ ಪುಸ್ತಕಗಳ ಮತ್ತು ಲೇಬಲ್‌ಗಳ ಚಿತ್ರ ತೆಗೆದಿಡುವುದರಿಂದಲೇ ಶುರುವಾಗಬೇಕು. ಯಾರಿಗೆ ಯಾವ ಪ್ರಶಸ್ತಿ ಎಂಬ ಚರ್ಚೆ ಆ ನಂತರ ನಡೆದರೂ ತಡವಾಗುವುದಿಲ್ಲ.